ತಿಂಗಳು ತುಂಬುವ ಮೊದಲೇ ಹೆರಿಗೆ ಆದರೆ ಅದು ಬಸುರಿಯ ಊಟದ ತಪ್ಪಾ?

ಸುಮಾ_ತಿಪಟೂರು
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನ ಹೆಂಡತಿಗೆ 33ನೇ ವಾರಕ್ಕೇ ಹೆರಿಗೆ ಆಯಿತು. ಮಗು 1.7 ಕೆಜಿ ಇತ್ತು. ಕೆಲವು ದಿನ ಮಕ್ಕಳ ವಾರ್ಡಿನಲ್ಲಿಟ್ಟು ಕಳಿಸಿದರು, ಈಗ ತಾಯಿ ಮಗು ಇಬ್ಬರೂ ಆರಾಮಾಗಿದ್ದಾರೆ. ತೊಂದರೆ ಆಗಿರೋದು ಬೇರೆ. ಮಗು ನೋಡಲು ಬಂದವರೆಲ್ಲ ಅವಳೆದುರೇ "ಬಸುರಿಯಲ್ಲಿ ಸರಿಯಾಗಿ ಉಣ್ಣಲಿಲ್ಲ, ಅದಕ್ಕೇ ಹೀಗಾಯ್ತು" ಅಂತಾರೆ. ಒಬ್ಬರು ಪಪ್ಪಾಯ ತಿಂದಿರಬೇಕು ಅಂದರು. ಇನ್ನೊಬ್ಬರು ಉಷ್ಣದ ಪದಾರ್ಥ ಜಾಸ್ತಿ ಆಯ್ತು ಅಂದರು. ಅವರೆಲ್ಲ ಹೋದ ಮೇಲೆ ಹುಡುಗಿ ಕೂತು ಅಳ್ತಾಳೆ.

ಅವಳ "ತಾಯಿ ಕಾರ್ಡ್" (ಬಸುರಿಯ ತಪಾಸಣೆ ಬರೆಯೋ ಕಾರ್ಡ್) ನಾನೇ ನೋಡಿದೆ. ಆರನೇ ತಿಂಗಳಲ್ಲಿ ಹಿಮೋಗ್ಲೋಬಿನ್ 8.6 ಅಂತ ಬರೆದಿದ್ದಾರೆ. ಕಬ್ಬಿಣದ ಮಾತ್ರೆ ತಗೊಂಡರೆ ವಾಂತಿ ಬರುತ್ತೆ ಅಂತ ಅರ್ಧಕ್ಕೇ ಬಿಟ್ಟಿದ್ದಳಂತೆ. ಊಟಕ್ಕೂ ಬೇಗ ಹೆರಿಗೆ ಆಗೋದಕ್ಕೂ ನಿಜವಾಗಲೂ ಎಷ್ಟು ಸಂಬಂಧ ಇದೆ? ಮುಂದಿನ ಸಲ ಏನು ಮಾಡಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಮಂಡ್ಯದ_ಮಗಳು
ಮೊದಲು ಆ ನೋಡಲು ಬರುವವರನ್ನು ನಿಲ್ಲಿಸಿ ಅಕ್ಕಾ. ಹಸಿ ಬಾಣಂತಿ ಮುಂದೆ ಆಡೋ ಮಾತಾ ಅದು?

ಹಳೇಬೇರು
ನಮ್ಮ ಅಜ್ಜಿಗೆ ಒಂಬತ್ತು ಮಕ್ಕಳು. ಒಂದು ಮಾತ್ರೆ ನುಂಗಿದವರಲ್ಲ. ರಾಗಿ ಮುದ್ದೆ, ಸೊಪ್ಪಿನ ಸಾರು, ಬೆಲ್ಲ, ಕಡಲೆಕಾಯಿ. ಗದ್ದೆಯಲ್ಲಿ ನಾಟಿ ಮಾಡ್ತಾ ಇದ್ದವರು ಮನೆಗೆ ಬಂದು ಹೆತ್ತರು. ಈಗಿನವರು ಬೆಳಿಗ್ಗೆ ಬ್ರೆಡ್ಡು, ಸಂಜೆ ನೂಡಲ್ಸ್ ತಿಂದು ಆಮೇಲೆ ಮಾತ್ರೆ ನುಂಗ್ತಾರೆ. ಊಟ ಕೆಟ್ಟಿದೆ, ಅದಕ್ಕೇ ಹೆರಿಗೆನೂ ಕೆಟ್ಟಿದೆ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

ಮಂಡ್ಯದ_ಮಗಳು
@ಹಳೇಬೇರು ಅಜ್ಜಿಗೆ ಒಂಬತ್ತು ಮಕ್ಕಳು ಸರಿ. ಉಳಿಯದೇ ಹೋದ ಮಕ್ಕಳು ಎಷ್ಟು ಅಂತ ಮನೆಯಲ್ಲಿ ಹಿರಿಯರನ್ನು ಒಮ್ಮೆ ಕೇಳಿ. ನಮ್ಮ ಅಜ್ಜಿಯರೆಲ್ಲರ ಕಥೆಯಲ್ಲೂ "ಹುಟ್ಟಿ ಎರಡು ದಿನಕ್ಕೆ ಹೋಯ್ತು" ಅನ್ನೋ ಒಂದು ಮಗು ಇದ್ದೇ ಇರುತ್ತೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ತಾಲ್ಲೂಕು_ಡಾಕ್ಟರ್
ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗ ನೋಡಿಕೊಳ್ತೇನೆ. ಸ್ವಲ್ಪ ಉದ್ದ ಬರೀತೀನಿ, ತಾಳ್ಮೆ ಇರಲಿ.

37 ವಾರ ತುಂಬುವ ಮೊದಲು ಹುಟ್ಟಿದರೆ ದಿನ ತುಂಬದ ಮಗು ಅಂತ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ ಇಂಥ 1 ಕೋಟಿ 34 ಲಕ್ಷ ಮಕ್ಕಳು ಹುಟ್ಟಿದರು. ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದಲ್ಲೇ. ಇಷ್ಟು ಮಕ್ಕಳು ಬೇರೆ ಯಾವ ದೇಶದಲ್ಲೂ ಇಲ್ಲ.

ಕಾರಣ ಒಂದೇ ಅಲ್ಲ. ಬಿಪಿ ಏರೋದು, ಮೂತ್ರದ ಸೋಂಕು, ಗರ್ಭಕೋಶದ ಬಾಯಿ ಗಟ್ಟಿ ಇಲ್ಲದಿರೋದು, ಅವಳಿ ಮಕ್ಕಳು, ನೀರು ಬೇಗ ಒಡೆಯೋದು, ಸಕ್ಕರೆ ಕಾಯಿಲೆ, ಹಿಂದಿನ ಹೆರಿಗೆಯೂ ಬೇಗ ಆಗಿರೋದು, ತೀರಾ ಚಿಕ್ಕ ವಯಸ್ಸು, ಎರಡು ಬಸುರಿನ ನಡುವೆ ಅಂತರ ಇಲ್ಲದಿರೋದು. ಎಷ್ಟೋ ಕೇಸಿನಲ್ಲಿ ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗಲ್ಲ. ಚೆನ್ನಾಗಿ ಉಂಡು, ಎಲ್ಲ ಮಾತ್ರೆ ತಗೊಂಡವರಿಗೂ 30 ವಾರಕ್ಕೆ ಹೆರಿಗೆ ಆಗಿದ್ದನ್ನು ನೋಡಿದ್ದೇನೆ.

ಹಾಗಂತ ಪೌಷ್ಟಿಕತೆಗೆ ಸಂಬಂಧವೇ ಇಲ್ಲ ಅಂತಲ್ಲ. ಬಸುರಿಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗೆ ಹೋದರೆ ತೀವ್ರ. ರಕ್ತಹೀನತೆ ಇರುವವರಲ್ಲಿ ಬೇಗ ಹೆರಿಗೆ ಆಗೋದು, ಮಗು ತೂಕ ಕಡಿಮೆ ಇರೋದು ಹೆಚ್ಚು ಕಾಣುತ್ತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ 52.2% ಮಂದಿಗೆ ರಕ್ತಹೀನತೆ ಇತ್ತು. ಅರ್ಧಕ್ಕಿಂತ ಹೆಚ್ಚು ಜನ! ಇಷ್ಟು ಜನರೂ ಉಣ್ಣೋಕೆ ಸೋಮಾರಿತನ ಮಾಡಿದರಾ? ಹುಡುಗಿಯಾಗಿದ್ದಾಗಿನಿಂದಲೇ ಇರುವ ಕೊರತೆ ಅದು.

ಸುಮಾ ಅವರೇ, 8.6 ಅಂದರೆ ಮಧ್ಯಮ ರಕ್ತಹೀನತೆ. ಮಾತ್ರೆ ಒಗ್ಗದವರಿಗೆ ಡ್ರಿಪ್‌ನಲ್ಲಿ ಕಬ್ಬಿಣ ಕೊಡಬಹುದು, ಸರ್ಕಾರಿ ಆಸ್ಪತ್ರೆಯಲ್ಲೂ ಕೊಡ್ತಾರೆ. ವಾಂತಿ ಆಗುತ್ತೆ ಅಂದಾಗ ಯಾರಾದರೂ ಆ ದಾರಿ ಹೇಳಬೇಕಿತ್ತು. ಅದು ಹೇಳಬೇಕಾದವರ ಕೆಲಸ, ಆ ಹುಡುಗಿಯದ್ದಲ್ಲ.

ಸುಮಾ_ತಿಪಟೂರು
ಡಾಕ್ಟ್ರೇ, ಈ ಕೊನೆಯ ಮಾತನ್ನು ಅವಳಿಗೆ ಓದಿ ಹೇಳ್ತೀನಿ. ತುಂಬಾ ಥ್ಯಾಂಕ್ಸ್.

ರಾಘು_ದಾವಣಗೆರೆ
ಒಂದು ಗೊಂದಲ. ತೂಕ ಕಡಿಮೆ ಮಗು, ದಿನ ತುಂಬದ ಮಗು ಎರಡೂ ಒಂದೇ ಅಲ್ವಾ?

ಅಂಕಿಅಂಶ_ಪ್ರಿಯ
@ರಾಘು_ದಾವಣಗೆರೆ ಅಲ್ಲ. ಈ ಚರ್ಚೆಯ ಅರ್ಧ ಗೊಂದಲ ಅಲ್ಲೇ ಇದೆ. ದಿನ ತುಂಬಿ ಹುಟ್ಟಿದ ಮಗುವೂ 2.5 ಕೆಜಿಗಿಂತ ಕಡಿಮೆ ಇರಬಹುದು. ಊಟ ಹೆಚ್ಚು ಕೊಟ್ಟರೆ ಮಗುವಿನ ತೂಕ ಏರುತ್ತೆ ಅನ್ನೋದಕ್ಕೆ ಒಳ್ಳೆ ಸಾಕ್ಷಿ ಇದೆ. ದಿನವೂ ತುಂಬುತ್ತೆ ಅನ್ನೋದಕ್ಕೆ ಅಷ್ಟು ಗಟ್ಟಿ ಸಾಕ್ಷಿ ಇಲ್ಲ.

ಆಫ್ರಿಕಾದ ಗ್ಯಾಂಬಿಯಾದ ಹಳ್ಳಿಗಳಲ್ಲಿ ಬಸುರಿಯರಿಗೆ ಕಡಲೆಕಾಯಿ ಹಾಕಿದ ಬಿಸ್ಕತ್ತು ದಿನಾ ಕೊಟ್ಟು ನೋಡಿದರು. 1997ರಲ್ಲಿ ಫಲಿತಾಂಶ ಬಂತು. ಮಗುವಿನ ತೂಕ ಸರಾಸರಿ 136 ಗ್ರಾಂ ಏರಿತು. ಹೊಲದ ಕೆಲಸ ಜಾಸ್ತಿ, ಮನೆಯಲ್ಲಿ ಕಾಳು ಖಾಲಿ ಇರೋ ಹಸಿವಿನ ತಿಂಗಳುಗಳಲ್ಲಿ 201 ಗ್ರಾಂ. ಸತ್ತು ಹುಟ್ಟುವ ಮಕ್ಕಳೂ ಕಡಿಮೆ ಆದರು. ಆದರೆ ಎಷ್ಟನೇ ವಾರಕ್ಕೆ ಹೆರಿಗೆ ಆಯ್ತು ಅನ್ನೋದರಲ್ಲಿ ವ್ಯತ್ಯಾಸ ಬರಲಿಲ್ಲ.

ಹಳೇಬೇರು
ನೋಡಿ, ಕಡಲೆಕಾಯಿ ಅಂತ ನಾನು ಮೊದಲೇ ಹೇಳಿದ್ದೆ. ಬೇಗ ಹುಟ್ಟಿದರೂ ತೂಕ ಇರೋ ಮಗು ಬದುಕುತ್ತೆ ತಾನೇ? ಊಟವೇ ಮೂಲ ಅನ್ನೋ ನನ್ನ ಮಾತು ಬದಲಾಗಲ್ಲ.

ತಾಲ್ಲೂಕು_ಡಾಕ್ಟರ್
@ಹಳೇಬೇರು ಊಟ ಮುಖ್ಯ ಅನ್ನೋದರಲ್ಲಿ ನಮ್ಮಿಬ್ಬರಿಗೂ ಜಗಳ ಇಲ್ಲ. ಮಾತ್ರೆ ಬೇಡ ಅನ್ನೋದರಲ್ಲಿ ಇದೆ. ಬಸುರಿಗೆ ದಿನಕ್ಕೆ 27 ಮಿಲಿಗ್ರಾಂ ಕಬ್ಬಿಣ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಇರೋದು ನಾಲ್ಕೈದು ಮಿಲಿಗ್ರಾಂ. ಅದರಲ್ಲೂ ಮೈಗೆ ಹತ್ತೋದು ಸ್ವಲ್ಪವೇ. ಬೆಲ್ಲದ್ದೂ ಅದೇ ಕಥೆ. ರಾಗಿಯ ದೊಡ್ಡ ಗುಣ ಸುಣ್ಣದ ಅಂಶ (ಕ್ಯಾಲ್ಸಿಯಂ), 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಮೊಳಕೆ ಬರಿಸಿ ಹಿಟ್ಟು ಮಾಡಿದರೆ ಕಬ್ಬಿಣವೂ ಚೆನ್ನಾಗಿ ಸಿಗುತ್ತೆ. ಮುದ್ದೆ ಉಣ್ಣಲಿ, ಮೇಲೆ ಮಾತ್ರೆಯೂ ತಗೊಳ್ಳಲಿ.

ಅಂಗನವಾಡಿ_ಟೀಚರ್
ನಾನು ಮಧುಗಿರಿ ಕಡೆಯವಳು. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟ ಕೊಡೋ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ಕ್ಕೆ ರಾಜ್ಯದಲ್ಲೆಲ್ಲ ಶುರುವಾಯ್ತು. ಅನ್ನ, ಸೊಪ್ಪು ಬೇಳೆ ಸಾಂಬಾರು, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ. ತಿಂಗಳಿಗೆ 25 ದಿನ, ಮಧ್ಯಾಹ್ನ ಬಿಸಿ ಊಟ. ಹೆರಿಗೆ ಆದ ಮೇಲೂ ಆರು ತಿಂಗಳು. ಅಲ್ಲೇ ಊಟದ ಜೊತೆ ಕಬ್ಬಿಣದ ಮಾತ್ರೆಯನ್ನೂ ಕೊಡ್ತೀವಿ.

ಅಂಗನವಾಡಿಗೆ ಬಂದೇ ಉಣ್ಣಬೇಕು ಅಂತ ಯಾಕೆ ಮಾಡಿದರು ಗೊತ್ತಾ? ಮನೆಗೆ ಕಾಳು ಹಿಟ್ಟು ಕೊಟ್ಟು ಕಳಿಸಿದರೆ ಅದು ಎಲ್ಲರ ಪಾಲಾಗುತ್ತೆ. ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಹುಡುಗಿ ಚಿಕ್ಕಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟಿದ್ದಳು. ಯಾಕಮ್ಮ ಅಂದರೆ "ದೊಡ್ಡವನು ಕಾಯ್ತಾ ಇರ್ತಾನೆ ಟೀಚರ್" ಅಂದಳು. ದೊಡ್ಡವನಿಗೆ ಎರಡು ವರ್ಷ. ಅವಳಿಗೆ ಇಪ್ಪತ್ತು ತುಂಬಿರಲಿಲ್ಲ. ನಾನು ಅಲ್ಲೇ ಕೂರಿಸಿ ತಿನ್ನಿಸಿದೆ, ಮಗುವಿಗೆ ಬೇರೆ ಕೊಟ್ಟೆ.

ಇಂಥವಳನ್ನು "ಸರಿಯಾಗಿ ಉಣ್ಣಲಿಲ್ಲ" ಅಂತ ಯಾರಾದರೂ ಬೈದರೆ ನನಗೆ ಹೊಟ್ಟೆ ಉರಿಯುತ್ತೆ.

ಶೃಂಗೇರಿ_ಸೀಮೆ
ಟೀಚರ್, ನಿಮ್ಮ ಬಯಲುಸೀಮೆಗೆ ಅದು ಸರಿ. ನಮ್ಮಲ್ಲಿ ಮನೆಯಿಂದ ಅಂಗನವಾಡಿಗೆ ಗುಡ್ಡ ಇಳಿದು ಹಳ್ಳ ದಾಟಬೇಕು. ಮಳೆಗಾಲದಲ್ಲಿ ಏಳು ತಿಂಗಳ ಬಸುರಿ ಒಂದು ಊಟಕ್ಕೆ ಆ ಜಾರೋ ದಾರಿಯಲ್ಲಿ ಹೋಗಿ ಬರೋದು ಅಂದರೆ ಆಗೋ ಮಾತಾ? ನಮ್ಮೂರಲ್ಲಿ ಎಷ್ಟೋ ಜನ ಅದಕ್ಕೇ ಬಿಟ್ಟರು. ಗುಡ್ಡಗಾಡಿನವರಿಗೆ ಮನೆಗೇ ಕೊಡಬೇಕು ಅಂತ ಮೊದಲಿನಿಂದಲೂ ಕೇಳ್ತಾ ಇದ್ದೇವೆ.

ಅಂಗನವಾಡಿ_ಟೀಚರ್
ನಿಜ ಸರ್. ಕೊರೋನಾ ಸಮಯದಲ್ಲಿ ಮನೆಗೇ ಕೊಟ್ಟಿದ್ದೆವು. ದೂರದ ಊರಿಗೆ ಹಾಗೇ ಇರಬೇಕು ಅನ್ನೋದು ನನ್ನ ಅಭಿಪ್ರಾಯ ಕೂಡ.

ಬೂತಾಯಿ_ಪ್ರಿಯೆ
ನಮ್ಮ ಉಡುಪಿ ಕಡೆ ಮೀನು ತಿಂದರೆ ಮಗುವಿಗೆ ಒಳ್ಳೆಯದು ಅಂತಾರೆ. ನಮ್ಮ ಅತ್ತೆಯ ಅಕ್ಕ ಮಾತ್ರ ನಂಜು ಅಂತ ಬೇಡ ಅಂದಿದ್ದರು. ಬೇಗ ಹೆರಿಗೆ ಆಗದ ಹಾಗೆ ಮೀನೆಣ್ಣೆ ತಡೆಯುತ್ತೆ ಅಂತ ಎಲ್ಲೋ ಓದಿದೆ. ನಿಜವಾ?

ಅಂಕಿಅಂಶ_ಪ್ರಿಯ
@ಬೂತಾಯಿ_ಪ್ರಿಯೆ ಸ್ವಲ್ಪ ನಿಜ. 2018ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ಕಾಕ್ರೇನ್ ವರದಿಯಲ್ಲಿ, ಒಮೆಗಾ-3 (ಮೀನೆಣ್ಣೆಯಲ್ಲಿರೋ ಕೊಬ್ಬಿನ ಅಂಶ) ತಗೊಂಡವರಲ್ಲಿ 37 ವಾರಕ್ಕೆ ಮುಂಚಿನ ಹೆರಿಗೆ 13.4%ನಿಂದ 11.9%ಗೆ ಇಳಿದಿತ್ತು. 34 ವಾರಕ್ಕೆ ಮುಂಚಿನದು 4.6%ನಿಂದ 2.7%ಗೆ. ಆಮೇಲೆ 2019ರಲ್ಲಿ ಆಸ್ಟ್ರೇಲಿಯಾದ ಒಂದು ದೊಡ್ಡ ಪ್ರಯೋಗ ಬಂತು. ಅದರಲ್ಲಿ ಎಲ್ಲರನ್ನೂ ಸೇರಿಸಿ ನೋಡಿದರೆ ಲಾಭ ಕಾಣಲಿಲ್ಲ. ಮೈಯಲ್ಲಿ ಒಮೆಗಾ-3 ಮೊದಲೇ ಕಡಿಮೆ ಇದ್ದವರಿಗೆ ಉಪಯೋಗ ಆದ ಹಾಗೆ ಕಂಡಿತು. ಅಂದರೆ ಕೊರತೆ ಇದ್ದವರಿಗೆ ಬೇಕು, ಇಲ್ಲದವರಿಗೆ ಸುಮ್ನೆ ದುಡ್ಡು ದಂಡ.

ತಾಲ್ಲೂಕು_ಡಾಕ್ಟರ್
ಬೂತಾಯಿ, ಬಂಗುಡೆ ಧಾರಾಳವಾಗಿ ತಿನ್ನಿ. ಪಾದರಸ ಸೇರಿಕೊಳ್ಳೋದು ದೊಡ್ಡ ಬೇಟೆ ಮೀನಿನಲ್ಲಿ. ಶಾರ್ಕ್ ಥರದ್ದು ಬಸುರಿಯಲ್ಲಿ ಬೇಡ.

ಬಿಜಾಪುರದ_ಅಗಸಿ
ನಮ್ಮ ಕಡೆ ಮೀನು ಎಲ್ಲಿ ಸಿಗುತ್ತೆ? ಮನೆಯಲ್ಲಿ ತಿನ್ನೋದೂ ಇಲ್ಲ. ರೊಟ್ಟಿ ಜೊತೆ ಅಗಸಿ ಹಿಂಡಿ, ಗುರೆಳ್ಳು ಹಿಂಡಿ ದಿನಾ ಇರುತ್ತೆ. ಅಗಸಿಯಲ್ಲೂ ಒಮೆಗಾ-3 ಇದೆ ಅಂತಾರಲ್ಲ?

ತಾಲ್ಲೂಕು_ಡಾಕ್ಟರ್
@ಬಿಜಾಪುರದ_ಅಗಸಿ ಇದೆ. ಆದರೆ ಅದು ಬೇರೆ ರೂಪದ್ದು. ಮೈ ಅದನ್ನು ಮೀನಿನಲ್ಲಿರುವ ಥರಕ್ಕೆ ಬದಲಾಯಿಸಿಕೊಳ್ಳೋದು ಕಡಿಮೆ. ಊಟದ ಜೊತೆ ಎಂದಿನಷ್ಟು ಹಿಂಡಿ ತಿನ್ನಿ, ತೊಂದರೆ ಇಲ್ಲ. ಮೀನು ಮೊಟ್ಟೆ ಮಾಂಸ ಮುಟ್ಟದ ಮನೆಯವರು ಬಿ12 ವಿಟಮಿನ್ ಬಗ್ಗೆ ಜಾಸ್ತಿ ಗಮನ ಕೊಡಬೇಕು. ಅದು ಸೊಪ್ಪು ಕಾಳಿನಲ್ಲಿ ಸಿಗಲ್ಲ. ಹಾಲು ಮೊಸರಿನಲ್ಲಿ ಸ್ವಲ್ಪ ಸಿಗುತ್ತೆ. ಡಾಕ್ಟರ ಹತ್ತಿರ ಒಮ್ಮೆ ಕೇಳಿ.

ಕೋಲಾರ_ನಾಗಮಣಿ
ಪಪ್ಪಾಯದ ಬಗ್ಗೆ ಯಾರೂ ಹೇಳಲೇ ಇಲ್ಲ. ತಿನ್ನಬಹುದಾ ಇಲ್ವಾ? ಒಂದು ಮಾತಲ್ಲಿ ಹೇಳಿ.

ಅಂಕಿಅಂಶ_ಪ್ರಿಯ
ಕಾಯಿ ಬೇಡ, ಪೂರ್ತಿ ಹಣ್ಣಾದದ್ದು ಪರವಾಗಿಲ್ಲ. 2002ರಲ್ಲಿ ಇಲಿಗಳ ಮೇಲೆ ಮಾಡಿದ ಒಂದು ಅಧ್ಯಯನ ಬಂತು. ಹಸಿ ಕಾಯಿಯ ಹಾಲು ಗರ್ಭಕೋಶವನ್ನು ಹಿಂಡುವ ಹಾಗೆ ಮಾಡಿತು. ಹಣ್ಣಿನ ರಸ ಮಾಡಲಿಲ್ಲ. ಮನುಷ್ಯರ ಮೇಲೆ ಇಂಥ ಪ್ರಯೋಗ ಯಾರೂ ಮಾಡಲ್ಲ, ಹಾಗಾಗಿ ಕಾಯಿ ಬಿಡೋದು ಜಾಣತನ. ಆದರೆ ಎಂದೋ ಎರಡು ಹೋಳು ಹಣ್ಣು ತಿಂದದ್ದಕ್ಕೆ 33ನೇ ವಾರದಲ್ಲಿ ಹೆರಿಗೆ ಆಯ್ತು ಅನ್ನೋದು ಸುಳ್ಳು.

ಕೋಲಾರ_ನಾಗಮಣಿ
ನಮ್ಮಮ್ಮ ಹಣ್ಣನ್ನು ಕಣ್ಣಿಗೂ ಕಾಣದ ಹಾಗೆ ಬಚ್ಚಿಡುತ್ತಿದ್ದರು.

ಬೆಂಗಳೂರು_ಅಪ್ಪ
ನನಗೆ ಒಂದು ಸಿಟ್ಟು ಇದೆ, ಇಲ್ಲಿ ಹೇಳ್ತೀನಿ. ಹೆಂಡತಿಗೆ ಐದು ತಿಂಗಳಾಗಿದ್ದಾಗ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಪ್ರೋಟೀನ್ ಪೌಡರ್ ಡಬ್ಬಿ ಬರೆದರು. ಅಲ್ಲೇ ಕೆಳಗಿನ ಅಂಗಡಿಯಲ್ಲೇ ತಗೊಳ್ಳಿ ಅಂದರು. ಮಗು ಬೇಗ ಹುಟ್ಟಬಾರದು ಅಂದರೆ ಇದು ಬೇಕೇ ಬೇಕು ಅಂತ ಹೆದರಿಸಿದರು. ತಿಂಗಳಾ ತಿಂಗಳಾ ಡಬ್ಬಿ ತಂದೆವು. ಅದೇ ದುಡ್ಡಿಗೆ ಎಷ್ಟು ಮೊಟ್ಟೆ, ಎಷ್ಟು ಹಾಲು, ಎಷ್ಟು ಬೇಳೆ ಬರ್ತಿತ್ತು ಅಂತ ಈಗ ಲೆಕ್ಕ ಹಾಕಿದರೆ ಬೇಜಾರಾಗುತ್ತೆ.

ಅಂಕಿಅಂಶ_ಪ್ರಿಯ
@ಬೆಂಗಳೂರು_ಅಪ್ಪ ನಿಮ್ಮ ಸಿಟ್ಟು ಸರಿಯಾಗೇ ಇದೆ. ಅತಿಯಾದ ಪ್ರೋಟೀನ್ ಪಾನೀಯ ಬಸುರಿಯರಿಗೆ ಕೊಟ್ಟು ನೋಡಿದ ಪ್ರಯೋಗ 1970ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಂನಲ್ಲಿ ನಡೆದಿತ್ತು. ಅದನ್ನು ಕುಡಿದವರಲ್ಲಿ ತೀರಾ ಬೇಗ ಹುಟ್ಟಿದ ಮಕ್ಕಳು ಕಡಿಮೆ ಆಗೋ ಬದಲು ಹೆಚ್ಚೇ ಕಂಡರು. ಪ್ರೋಟೀನ್ ಬೇಕು. ಆದರೆ ಅನ್ನ ರೊಟ್ಟಿಯ ಜೊತೆ, ಸಮತೋಲನದಲ್ಲಿ. ಡಬ್ಬಿಯಿಂದ ಸುರಿದುಕೊಳ್ಳೋದಕ್ಕೆ ಅರ್ಥ ಇಲ್ಲ.

ತಾಲ್ಲೂಕು_ಡಾಕ್ಟರ್
ತೀರಾ ಸೊರಗಿದವರಿಗೆ, ವಾಂತಿಯಿಂದ ಏನೂ ಇಳಿಯದವರಿಗೆ ಕೆಲವೊಮ್ಮೆ ನಾವೂ ಬರೀತೀವಿ. ಎಲ್ಲರಿಗೂ ಬರೆಯೋದು ಸರಿಯಲ್ಲ.

ಗಾರ್ಮೆಂಟ್ಸ್_ಗೆಳತಿ
ಊಟದ ಬಗ್ಗೆ ಎಲ್ಲರೂ ಮಾತಾಡ್ತಾ ಇದ್ದೀರಿ. ನೀರಿನ ಬಗ್ಗೆ ಯಾರೂ ಹೇಳಲಿಲ್ಲ.

ನಾನು ಹೊಲಿಗೆ ಲೈನಿನಲ್ಲಿ ಕೆಲಸ ಮಾಡ್ತಿದ್ದೆ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇರುತ್ತೆ. ಎದ್ದು ಹೋದರೆ ನನ್ನ ಮುಂದಿನವಳಿಗೆ ಬಂಡಲ್ ನಿಲ್ಲುತ್ತೆ, ಸೂಪರ್‌ವೈಸರ್ ಕೂಗ್ತಾರೆ. ಹಾಗಾಗಿ ನಾವು ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಬಾಟಲಿ ಮಿಷನ್ ಪಕ್ಕದಲ್ಲೇ ಇರುತ್ತೆ, ಮುಚ್ಚಳ ತೆಗೆಯಲ್ಲ. ಬಸುರಿಯಾದಾಗಲೂ ಹಾಗೇ. ಏಳನೇ ತಿಂಗಳಲ್ಲಿ ಚಳಿ ಜ್ವರ, ಕೆಳಹೊಟ್ಟೆ ನೋವು. ಮೂತ್ರದ ಸೋಂಕು ಅಂದರು. 34ನೇ ವಾರಕ್ಕೆ ಹೆರಿಗೆ ಆಯ್ತು. ಊಟಕ್ಕೆ ನಮ್ಮತ್ತೆ ಯಾವ ಕಡಿಮೆಯೂ ಮಾಡಿರಲಿಲ್ಲ.

ತಾಲ್ಲೂಕು_ಡಾಕ್ಟರ್
ಇದನ್ನು ಬರೆದದ್ದು ತುಂಬಾ ಒಳ್ಳೆಯದಾಯ್ತು. ಮೂತ್ರದ ಸೋಂಕಿಗೂ ಬೇಗ ನೋವು ಬರೋದಕ್ಕೂ ನೇರ ನಂಟು ಇದೆ. ಉರಿ ಇಲ್ಲದೇ, ಜ್ವರ ಇಲ್ಲದೇ ಒಳಗೊಳಗೇ ಸೋಂಕು ಇರಬಹುದು. ಅದಕ್ಕೇ ಮೂತ್ರ ಪರೀಕ್ಷೆ ತಪ್ಪಿಸಬಾರದು. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರೇ ಉಚಿತವಾಗಿ ಬಸುರಿಯರನ್ನು ನೋಡುವ ಕಾರ್ಯಕ್ರಮ 2016ರಿಂದ ಇದೆ. ರಕ್ತ, ಮೂತ್ರ, ಬಿಪಿ ಎಲ್ಲ ನೋಡ್ತಾರೆ.

ಆಶಾ_ಅಕ್ಕ
ನಾನು ಆಶಾ ಕಾರ್ಯಕರ್ತೆ. ಮಾತ್ರೆ ವಿಷಯಕ್ಕೆ ಬರ್ತೀನಿ. ಮನೆ ಮನೆಗೆ ಹೋಗಿ ಕೆಂಪು ಮಾತ್ರೆ ಕೊಟ್ಟು ಬರ್ತೀವಿ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, ಕಡಿಮೆ ಅಂದರೂ 180. ಮುಂದಿನ ಸಲ ಹೋದಾಗ ಶೀಟು ಹಾಗೇ ಇರುತ್ತೆ, ಅಕ್ಕಿ ಡಬ್ಬಿ ಹಿಂದೆ.

ಯಾಕೆ ಅಂತ ಕೇಳಿದರೆ ಒಬ್ಬರು ಮಗು ಕಪ್ಪಾಗುತ್ತೆ ಅಂತಾರೆ. ಇನ್ನೊಬ್ಬರು ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ ಅಂತಾರೆ. ಮಲ ಕಪ್ಪಗೆ ಹೋಗೋದು ನೋಡಿ ಹೆದರಿದವರೂ ಇದ್ದಾರೆ. ಅದಕ್ಕೇ ಮಾತ್ರೆ ಕೊಡುವಾಗಲೇ ಹೇಳಿಬಿಡ್ತೀನಿ: ಮಲ ಕಪ್ಪಾಗುತ್ತೆ, ಮಗು ಕಪ್ಪಾಗಲ್ಲ. ವಾಂತಿ ಬಂದರೆ ರಾತ್ರಿ ಊಟ ಆದ ಮೇಲೆ, ಮಲಗುವ ಮುಂಚೆ ತಗೋ. ನಿಂಬೆ ನೀರಿನ ಜೊತೆ ಇನ್ನೂ ಒಳ್ಳೆಯದು. ಟೀ ಕಾಫಿ ಜೊತೆ ಮಾತ್ರ ಬೇಡ.

ಇನ್ನೊಂದು ವಿಷಯ. ಬಸುರಿಯರು ಬಳಪ, ಕೆಮ್ಮಣ್ಣು, ಒಲೆ ಬೂದಿ ತಿಂತಾರೆ. ಮನೆಯವರು ಬಯಕೆ ಅಂತ ನಕ್ಕು ಬಿಡ್ತಾರೆ. ಹಾಗೆ ತಿನ್ನೋರನ್ನು ಕಂಡರೆ ನಾನು ಮೊದಲು ಹಿಮೋಗ್ಲೋಬಿನ್ ನೋಡಿಸ್ತೀನಿ. ಹೆಚ್ಚಿನ ಸಲ ಕಡಿಮೆಯೇ ಇರುತ್ತೆ.

ರಾಘು_ದಾವಣಗೆರೆ
ಬಳಪ ತಿನ್ನೋದು ರಕ್ತ ಕಡಿಮೆ ಇರೋದರ ಗುರುತು ಅಂತ ಇವತ್ತೇ ಗೊತ್ತಾಗಿದ್ದು! ನಮ್ಮಕ್ಕ ಪೆಟ್ಟಿಗೆಗಟ್ಟಲೆ ತಿಂತಿದ್ದಳು.

ಆಶಾ_ಅಕ್ಕ
ಈಗಲೂ ತಿಂತಿದ್ದರೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಪ್ಪ.

ಬಿಜಾಪುರದ_ಅಗಸಿ
ಎಲೆ ಅಡಿಕೆ ಜೊತೆ ತಂಬಾಕು ಹಾಕಿಕೊಳ್ಳೋರ ಬಗ್ಗೆಯೂ ಹೇಳಿ. ನಮ್ಮ ಊರಲ್ಲಿ ಬಸುರಿಯರು ವಾಂತಿ ನಿಲ್ಲುತ್ತೆ ಅಂತ ಬಾಯಿಗೆ ಹಾಕಿಕೊಳ್ತಾರೆ. ಹಸಿವೂ ಆಗಲ್ಲ ಅಂತಾರೆ.

ಅಂಕಿಅಂಶ_ಪ್ರಿಯ
ಇದಕ್ಕೆ ನಮ್ಮ ಪಕ್ಕದ ಮುಂಬೈನದ್ದೇ ಅಧ್ಯಯನ ಇದೆ, 2004ರದ್ದು. ಹೊಗೆ ಇಲ್ಲದ ತಂಬಾಕು ಬಳಸುತ್ತಿದ್ದ ಬಸುರಿಯರ ಮಕ್ಕಳು ಸರಾಸರಿ 105 ಗ್ರಾಂ ಕಡಿಮೆ ತೂಗಿದವು, ಸುಮಾರು ಆರು ದಿನ ಮುಂಚೆ ಹುಟ್ಟಿದವು. ತೀರಾ ಬೇಗ ಹುಟ್ಟೋ ಅಪಾಯ ಹಲವು ಪಟ್ಟು ಜಾಸ್ತಿ ಇತ್ತು. ಬೀಡಿ ಸೇದಲ್ಲ, ಕಡ್ಡಿಪುಡಿ ತಾನೇ ಅಂತ ಸುಮ್ಮನಿರಬಾರದು.

ಹಳೇಬೇರು
ಇದನ್ನು ಒಪ್ಪಿಕೊಳ್ತೀನಿ. ನಮ್ಮಲ್ಲಿ ಹಿರಿಯ ಹೆಂಗಸರೇ ಬಸುರಿಯ ಕೈಗೆ ಎಲೆ ಅಡಿಕೆ ತಟ್ಟೆ ಕೊಡೋದು. ತಂಬಾಕನ್ನು ತಟ್ಟೆಯಿಂದ ತೆಗೆಯಬೇಕು.

ಮೈಸೂರು_ಶ್ರೀ
ಕ್ಯಾಲ್ಸಿಯಂ ಮಾತ್ರೆ ಬಗ್ಗೆ ಕೇಳಬೇಕಿತ್ತು. ನನಗೆ ಒಬ್ಬರು ದಿನಕ್ಕೊಂದು ಅಂದರು, ಇನ್ನೊಬ್ಬರು ಎರಡು ಅಂದರು. ಯಾವುದು ಸರಿ?

ಅಂಕಿಅಂಶ_ಪ್ರಿಯ
ನಮ್ಮ ಸರ್ಕಾರಿ ಲೆಕ್ಕ 500 ಮಿಲಿಗ್ರಾಂನ ಎರಡು ಮಾತ್ರೆ. ಕ್ಯಾಲ್ಸಿಯಂ ಕಡಿಮೆ ತಿನ್ನುವವರಲ್ಲಿ ಬಿಪಿ ಏರೋದನ್ನು ಅದು ತಡೆಯುತ್ತೆ. ಬಿಪಿ ಏರಿದರೆ ಡಾಕ್ಟರೇ ಬೇಗ ಹೆರಿಗೆ ಮಾಡಿಸಬೇಕಾಗುತ್ತೆ ಅಲ್ವಾ, ಹಾಗಾಗಿ ಸಂಬಂಧ ಇದೆ.

ಎಷ್ಟು ಸಾಕು ಅಂತ ಬೆಂಗಳೂರಿನಲ್ಲೇ ದೊಡ್ಡ ಪ್ರಯೋಗ ಆಯ್ತು. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರೂ ಸೇರಿ ಮಾಡಿದ್ದು, ಚೊಚ್ಚಲ ಬಸುರಿನ 11,000 ಹೆಂಗಸರು. ತಾಂಜಾನಿಯಾದಲ್ಲೂ ಅಷ್ಟೇ ಜನ. 2024ರ ಜನವರಿಯಲ್ಲಿ ಫಲಿತಾಂಶ ಬಂತು. ದಿನಕ್ಕೆ 500 ಮಿಲಿಗ್ರಾಂ ತಗೊಂಡವರಿಗೂ 1500 ತಗೊಂಡವರಿಗೂ ಬಿಪಿ ತೊಂದರೆಯಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಬೆಂಗಳೂರಿನಲ್ಲಿ ಬೇಗ ಹುಟ್ಟಿದ ಮಕ್ಕಳು 500 ಗುಂಪಿನಲ್ಲಿ 11.4%, 1500 ಗುಂಪಿನಲ್ಲಿ 12.8%. ತಾಂಜಾನಿಯಾದಲ್ಲಿ ಮಾತ್ರ ಬೇಗ ಹುಟ್ಟಿದವರು 500 ಗುಂಪಿನಲ್ಲೇ ಸ್ವಲ್ಪ ಜಾಸ್ತಿ. ನಿಮ್ಮ ಡಾಕ್ಟರ್ ಹೇಳಿದಷ್ಟು ತಗೊಳ್ಳಿ, ಒಂದೋ ಎರಡೋ ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ.

ಬೆಂಗಳೂರು_ಅಪ್ಪ
ಬಿಪಿಗೆ ಆಸ್ಪಿರಿನ್ ಕೊಡ್ತಾರಂತೆ, ನಿಜವಾ? ಅದೂ ವ್ಯಾಪಾರನಾ?

ತಾಲ್ಲೂಕು_ಡಾಕ್ಟರ್
ವ್ಯಾಪಾರ ಅಲ್ಲ, ತುಂಬಾ ಅಗ್ಗದ ಮಾತ್ರೆ ಅದು. ಆರು ದೇಶಗಳಲ್ಲಿ ಸುಮಾರು 12,000 ಚೊಚ್ಚಲ ಬಸುರಿಯರ ಮೇಲೆ ಪ್ರಯೋಗ ಆಗಿತ್ತು, ನಮ್ಮ ಬೆಳಗಾವಿಯೂ ಒಂದು ಜಾಗ. 2020ರಲ್ಲಿ ಬಂದ ಫಲಿತಾಂಶದಲ್ಲಿ ಬೇಗ ಹೆರಿಗೆ 13.1%ನಿಂದ 11.6%ಗೆ ಇಳಿದಿತ್ತು. ಆದರೆ ಯಾರಿಗೆ ಕೊಡಬೇಕು, ಯಾವ ವಾರದಿಂದ ಅಂತ ಡಾಕ್ಟರ್ ನೋಡಿಯೇ ಕೊಡಬೇಕು. ಇದನ್ನು ಓದಿ ಯಾರೂ ಅಂಗಡಿಯಿಂದ ತಂದು ನುಂಗಬೇಡಿ. ಕೈ ಮುಗಿದು ಕೇಳ್ತೀನಿ.

ಗದಗ_ಈರಣ್ಣ
ಗಂಡಸರಿಗೆ ಒಂದು ಮಾತು. ನಮ್ಮ ಮನೆಯಲ್ಲಿ ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅತ್ತೆ, ಕೊನೆಗೆ ಸೊಸೆ. ಬಸುರಿಯಾದರೂ ಅದೇ ಸಾಲು. ಕೊನೆಗೆ ಉಳಿಯೋದು ಎರಡು ರೊಟ್ಟಿ, ತಳದ ಸಾರು, ಪಲ್ಯ ಮುಗಿದಿರುತ್ತೆ. ನನ್ನ ಹೆಂಡತಿ ಬಸುರಿಯಾದಾಗ ನಾನು ಅವಳ ಜೊತೆಯೇ ಕೂತು ಉಣ್ಣೋಕೆ ಶುರು ಮಾಡಿದೆ. ಮನೆಯಲ್ಲಿ ಗುಸುಗುಸು ಆಯ್ತು. ಆಗಲಿ ಬಿಡಿ ಅಂದೆ. ಒಂದು ತಾಟಿನಲ್ಲಿ ಪಲ್ಯ ಕಣ್ಣಿಗೆ ಕಾಣುತ್ತೆ ಅಲ್ವಾ, ಅವಳಿಗೆ ಎಷ್ಟು ಬಂತು ಅಂತ ಗೊತ್ತಾಗುತ್ತೆ.

ಹಳೇಬೇರು
@ಗದಗ_ಈರಣ್ಣ ಎಲ್ಲ ಮನೆಯಲ್ಲೂ ಹಾಗಿಲ್ಲ. ಬಸುರಿಗೆ ಬಯಕೆ ಊಟ, ಸೀಮಂತ, ತವರಿನ ಬುತ್ತಿ, ಎಲ್ಲ ನಮ್ಮ ಸಂಪ್ರದಾಯದಲ್ಲೇ ಇದೆ. ಸಂಪ್ರದಾಯವನ್ನೇ ಬೈಯಬೇಡಿ.

ಗದಗ_ಈರಣ್ಣ
ಸಂಪ್ರದಾಯ ಬೈತಿಲ್ಲ ಹಿರಿಯರೇ. ಸೀಮಂತದ ದಿನ ಐದು ಥರ ಚಿತ್ರಾನ್ನ, ಹೋಳಿಗೆ ತುಪ್ಪ. ಮಾರನೇ ದಿನದಿಂದ ಮತ್ತೆ ತಳದ ಸಾರು. ಅದನ್ನು ಹೇಳ್ತಾ ಇದ್ದೀನಿ.

ಅಂಕಿಅಂಶ_ಪ್ರಿಯ
ಈರಣ್ಣ ಅವರ ಮಾತಿಗೆ ಅಂಕಿಯೂ ಇದೆ. 2005-06ರ ಸಮೀಕ್ಷೆ ಆಧಾರದ ಮೇಲೆ 2015ರಲ್ಲಿ ಬಂದ ಒಂದು ಲೆಕ್ಕದ ಪ್ರಕಾರ, ನಮ್ಮ ದೇಶದಲ್ಲಿ ಬಸುರಿಯಾಗುವ ಹೊತ್ತಿಗೇ 42.2% ಹೆಂಗಸರು ತೂಕ ಕಡಿಮೆ ಇದ್ದರು. ಇಡೀ ಬಸುರಿನಲ್ಲಿ ಏರುತ್ತಿದ್ದ ತೂಕ ಸುಮಾರು 7 ಕೆಜಿ ಮಾತ್ರ. ಈಗ ಸ್ವಲ್ಪ ಸುಧಾರಿಸಿದೆ. ಆದರೂ ಹೊಸ ಸೊಸೆಯ ಊಟವೇ ಮನೆಯಲ್ಲಿ ಕಡೆಗೆ ಬರೋದು.

ಶೃಂಗೇರಿ_ಸೀಮೆ
ವಿಷಯ ಸ್ವಲ್ಪ ಬೇರೆ, ಆದರೂ ಕೇಳ್ತೀನಿ. ಏಳು ತಿಂಗಳಿಗೆ ಹುಟ್ಟಿದರೆ ಉಳಿಯುತ್ತೆ, ಎಂಟು ತಿಂಗಳಿಗೆ ಹುಟ್ಟಿದರೆ ಉಳಿಯಲ್ಲ ಅಂತಾರಲ್ಲ, ಅದು ಹೇಗೆ?

ಶಿಶುವಾರ್ಡ್_ನರ್ಸ್
@ಶೃಂಗೇರಿ_ಸೀಮೆ ಅದು ಪೂರ್ತಿ ತಪ್ಪು ನಂಬಿಕೆ ಸರ್. ಒಳಗೆ ಒಂದೊಂದು ವಾರ ಹೆಚ್ಚು ಇದ್ದಷ್ಟೂ ಮಗುವಿಗೆ ಒಳ್ಳೆಯದು. ಈ ಮಾತು ನಂಬಿ ಎಂಟನೇ ತಿಂಗಳಲ್ಲಿ ನೋವು ಬಂದಾಗ ಹೇಗೂ ಉಳಿಯಲ್ಲ ಅಂತ ತಡ ಮಾಡಿಕೊಂಡು ಬಂದವರಿದ್ದಾರೆ. ಬೇಗ ಬಂದರೆ ಮಗುವಿನ ಶ್ವಾಸಕೋಶ ಗಟ್ಟಿ ಆಗೋಕೆ ತಾಯಿಗೆ ಇಂಜೆಕ್ಷನ್ ಕೊಡಬಹುದು. ಹುಟ್ಟಿದ ಮೇಲೆ ಬಂದರೆ ಆ ಅವಕಾಶ ಇರಲ್ಲ.

ಸುಮಾ ಅಕ್ಕಾ, ನಿಮ್ಮ ಮನೆ ಮಗುವಿಗೆ ಕಾಂಗರೂ ಆರೈಕೆ ಮುಂದುವರಿಸಿ. ಮಗುವಿಗೆ ಟೋಪಿ, ಕಾಲುಚೀಲ, ಡಯಾಪರ್ ಮಾತ್ರ. ಅಮ್ಮನ ಬರಿ ಎದೆಗೆ ನೆಟ್ಟಗೆ ಅಂಟಿಸಿ, ಮೇಲೆ ಬಟ್ಟೆ ಕಟ್ಟೋದು. ಅಪ್ಪ, ಅಜ್ಜಿಯೂ ಮಾಡಬಹುದು. ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳಲ್ಲಿ ಇದನ್ನು ದೊಡ್ಡದಾಗಿ ಮಾಡಿ ತೋರಿಸಿದ್ದಾರೆ. ಜೊತೆಗೆ ಎದೆಹಾಲು ಬಿಟ್ಟು ಬೇರೆ ಏನೂ ಬೇಡ. ಬಾಣಂತಿಗೆ ಪಥ್ಯ ಅಂತ ಬರೀ ಅನ್ನ ಮೆಣಸಿನ ಸಾರು ಕೊಟ್ಟು ನೀರು ಕುಡಿಯಬೇಡ ಅನ್ನೋದನ್ನೂ ನಿಲ್ಲಿಸಿ. ಅವಳಿಗೂ ಈಗ ಸೊಪ್ಪು, ಬೇಳೆ, ಮೊಟ್ಟೆ ಎಲ್ಲ ಬೇಕು.

ಸುಮಾ_ತಿಪಟೂರು
ಪಥ್ಯ ಅಂತ ನಿಜವಾಗಲೂ ಅದನ್ನೇ ಕೊಡ್ತಾ ಇದ್ದಾರೆ. ನಾಳೆಯೇ ನುಗ್ಗೆಸೊಪ್ಪು ತಗೊಂಡು ಹೋಗ್ತೀನಿ. ಮುಂದಿನ ಮಗುವಿಗೆ ಏನು ಮಾಡಬೇಕು ಅನ್ನೋದು ಒಂದು ಉಳಿಯಿತು ಡಾಕ್ಟ್ರೇ.

ತಾಲ್ಲೂಕು_ಡಾಕ್ಟರ್
@ಸುಮಾ_ತಿಪಟೂರು ಒಮ್ಮೆ ಬೇಗ ಆದವರಿಗೆ ಮತ್ತೆ ಆಗೋ ಸಾಧ್ಯತೆ ಸ್ವಲ್ಪ ಜಾಸ್ತಿ. ಹಾಗಾಗಿ ಸಿದ್ಧತೆ ಬಸುರಿಗಿಂತ ಮುಂಚೆಯೇ ಶುರುವಾಗಲಿ. ಹೆರಿಗೆಯಿಂದ ಮುಂದಿನ ಬಸುರಿಗೆ ಕನಿಷ್ಠ ಎರಡು ವರ್ಷ ಅಂತರ ಇರಲಿ. ಅಷ್ಟರಲ್ಲಿ ಹಿಮೋಗ್ಲೋಬಿನ್ 12ಕ್ಕೆ ತರಬೇಕು. ಹೆರಿಗೆ ಆದ ಮೇಲೂ 180 ದಿನ ಕಬ್ಬಿಣದ ಮಾತ್ರೆ ಇದೆ, ಯಾರೂ ತಗೊಳ್ಳಲ್ಲ, ಅವಳು ತಗೊಳ್ಳಲಿ. ಒಗ್ಗದಿದ್ದರೆ ಡ್ರಿಪ್ ಕೇಳಲಿ. ಥೈರಾಯ್ಡ್, ಸಕ್ಕರೆ, ಬಿಪಿ ನೋಡಿಸಿ. ಮಗು ಬೇಕು ಅಂದುಕೊಂಡ ತಿಂಗಳಿಂದಲೇ ಫೋಲಿಕ್ ಆಸಿಡ್. ಬಸುರಿಯಾದ ಕೂಡಲೇ ಹಿಂದಿನ ಹೆರಿಗೆ 33 ವಾರಕ್ಕೆ ಆಯ್ತು ಅಂತ ಮೊದಲ ಭೇಟಿಯಲ್ಲೇ ಹೇಳಬೇಕು. ಆಗ ಗರ್ಭಕೋಶದ ಬಾಯಿಯ ಉದ್ದ ಸ್ಕ್ಯಾನ್‌ನಲ್ಲಿ ಅಳೀತಾರೆ. ಬೇಕಿದ್ದರೆ ಮಾತ್ರೆಯೋ ಹೊಲಿಗೆಯೋ ಹಾಕ್ತಾರೆ. ಎಷ್ಟು ಒಳ್ಳೆ ಊಟ ಮಾಡಿದರೂ ಆ ಹೊಲಿಗೆಯ ಕೆಲಸ ಊಟದಿಂದ ಆಗಲ್ಲ.

ನೀರು ಹೋದರೆ, ರಕ್ತ ಕಂಡರೆ, ಹೊಟ್ಟೆ ಮತ್ತೆ ಮತ್ತೆ ಬಿಗಿ ಹಿಡಿದರೆ, ಮಗು ಆಡೋದು ಕಡಿಮೆ ಆದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಮೈಸೂರು_ಶ್ರೀ
ಇನ್ನೊಂದೇ ಪ್ರಶ್ನೆ. ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ನುಂಗ್ತಾ ಇದ್ದೇನೆ. ಪರವಾಗಿಲ್ವಾ?

ಆಶಾ_ಅಕ್ಕ
ಒಟ್ಟಿಗೆ ಬೇಡ ತಾಯಿ. ಕ್ಯಾಲ್ಸಿಯಂ ಇದ್ದರೆ ಕಬ್ಬಿಣ ಮೈಗೆ ಹತ್ತಲ್ಲ. ಕ್ಯಾಲ್ಸಿಯಂ ಒಂದು ಬೆಳಿಗ್ಗೆ ತಿಂಡಿ ಜೊತೆ, ಇನ್ನೊಂದು ಮಧ್ಯಾಹ್ನದ ಊಟದ ಜೊತೆ. ಕಬ್ಬಿಣ ರಾತ್ರಿ, ಊಟ ಆಗಿ ಒಂದೆರಡು ಗಂಟೆ ಬಿಟ್ಟು, ನಿಂಬೆ ನೀರಲ್ಲಿ. ಹಾಲು ಕುಡಿಯೋ ಅಭ್ಯಾಸ ಇದ್ದರೆ ಅದನ್ನು ಸಂಜೆಗೆ ಹಾಕಿಕೋ.

ಮೈಸೂರು_ಶ್ರೀ
ಸರಿ ಅಕ್ಕಾ, ಇವತ್ತು ರಾತ್ರಿಯಿಂದಲೇ ಹಾಗೆ ಮಾಡ್ತೀನಿ.